ಆಲ್ಬಿನಾ ಮಾಡಿದ ಬಾಗಿಲು

ಆಲ್ಬಿನಾ ಕೊವಂದಾಳ ಮನೆ ನಮ್ಮ ಮನೆಗೆ ಎದುರು. ನಡುವೆ ಒಂದು ಜಲ್ಲಿರಸ್ತೆ, ಅಷ್ಟೇ. ನಾನು ಎಲ್ಡನ್‌ನನ್ನು ಮದುವೆಯಾಗಿ ನೆಬ್ರಾಸ್ಕದ ಈ ಬ್ರಾನಿಕ್ ಊರಿಗೆ ಬಂದಾಗ ಅವಳಿಗೆ ನಲವತ್ತು ದಾಟಿತ್ತು. ಐದಡಿ ಒಂದಿಂಚು ಎತ್ತರ, ಗದ್ದದ ಕೆಳಗೆ ಬಿಗಿಯಾಗಿ ಗಂಟು ಹಾಕಿದ ತಲೆವಸ್ತ್ರ, ತುಟಿಗಳ ನಡುವೆ ಯಾವಾಗಲೂ ನಾಲ್ಕೈದು ಗುಂಡುಸೂಜಿ. ಊರಿನ ಅರ್ಧ ಜನರ ಬಟ್ಟೆ ಹೊಲಿಯುತ್ತಿದ್ದವಳು ಅವಳೇ. ಶಾಲೆಯ ಬ್ಯಾಂಡಿನ ಹುಡುಗರ ಮೂವತ್ತೆರಡು ಕೋಟುಗಳನ್ನು ಒಬ್ಬಳೇ ಕೂತು ಹೊಲಿದಿದ್ದಳು. ಬಾಯಲ್ಲಿ ಸೂಜಿಯಿದ್ದದ್ದರಿಂದ ಮಾತು ಕಡಿಮೆ. ಸೂಜಿ ತೆಗೆದು ಆಡಿದರೆ ಆ ಮಾತೂ ಚುಚ್ಚುವಂಥದ್ದೇ.

ಅವಳ ಗಂಡ ಲ್ಯಾಡ್ ರಸ್ತೆ ಇಲಾಖೆಯಲ್ಲಿದ್ದ. ಮಣ್ಣುರಸ್ತೆಗಳನ್ನು ಕೆರೆದು ಸಮ ಮಾಡುವ ದೊಡ್ಡ ಯಂತ್ರ ಓಡಿಸುವುದು ಅವನ ಕೆಲಸ. ಕೆಟ್ಟವನಲ್ಲ. ಕುಡಿತವಿಲ್ಲ, ಕೈಮಾಡುವುದಿಲ್ಲ. ಮನೆಗೆ ಬಂದರೆ ಕುರ್ಚಿ, ರೇಡಿಯೊ, ಊಟ. ಮಕ್ಕಳಾಗಿರಲಿಲ್ಲ. ಮನೆಯ ಪಕ್ಕಕ್ಕೆ ಚಾಚಿಕೊಂಡು ಬೀದಿಗೂ ಕಾಣುತ್ತಿದ್ದ ಹಿತ್ತಲಲ್ಲಿ ಇಪ್ಪತ್ತು ಕೋಳಿಗಳಿದ್ದವು. ಅವು ಆಲ್ಬಿನಾಳ ಪಾಲಿನ ಕೆಲಸ.

ಆ ಕೋಳಿಗೂಡನ್ನು ಕಟ್ಟಿದವನು ಲ್ಯಾಡ್. ಅವರಪ್ಪನ ಹಳೆಯ ಜೋಳದ ಕಣಜ ಬಿದ್ದಾಗ ಅದರ ಹಲಗೆ ತಂದು ಎರಡೇ ದಿನದಲ್ಲಿ ಹೊಡೆದು ನಿಲ್ಲಿಸಿದ್ದನಂತೆ. ಗೂಡೇನೋ ಗಟ್ಟಿ. ಬಾಗಿಲು ಮಾತ್ರ ಮೂರೂವರೆ ಅಡಿ ಎತ್ತರ. ಒಳಗೆ ಹೋಗಬೇಕಾದರೆ ಸೊಂಟ ಮುರಿದು ಬಗ್ಗಬೇಕು, ಕೈಯಲ್ಲಿ ನೀರಿನ ಬಕೆಟ್ಟಿದ್ದರೆ ಮೊದಲು ಅದನ್ನು ಕೆಳಗಿಟ್ಟು, ಚಿಲಕ ತೆಗೆದು, ಬಗ್ಗಿ, ಮತ್ತೆ ಬಕೆಟ್ಟು ಎಳೆದುಕೊಳ್ಳಬೇಕು. ಅಷ್ಟರಲ್ಲಿ ಎರಡು ಕೋಳಿ ಕಾಲ ಸಂದಿಯಿಂದ ಆಚೆಗೆ ಹಾರಿರುತ್ತಿದ್ದವು. ಸಾಲದ್ದಕ್ಕೆ ಬಾಗಿಲು ಒಳಮುಖವಾಗಿ ತೆರೆಯುತ್ತಿತ್ತು. ನೆಲದ ಹುಲ್ಲು, ಹಿಕ್ಕೆ ದಪ್ಪವಾದಂತೆ ಅದು ಅರ್ಧಕ್ಕೇ ಸಿಕ್ಕಿಕೊಳ್ಳುತ್ತಿತ್ತು.

ದೊಡ್ಡ ಬಾಗಿಲು ಮಾಡಿಕೊಡು ಎಂದು ಅವಳು ಹದಿನೆಂಟು ವರ್ಷ ಕೇಳಿದ್ದಳು. ನಾನೇ ಎಷ್ಟೋ ಸಲ ಕೇಳಿಸಿಕೊಂಡಿದ್ದೇನೆ.

"ಕೋಳಿಗೆ ಯಾಕೆ ಎತ್ತರದ ಬಾಗ್ಲು? ಅವೇನು ಟೋಪಿ ಹಾಕ್ಕೊಂಡು ಬರ್ತವಾ?" ಎಂದು ಲ್ಯಾಡ್ ನಗುತ್ತಿದ್ದ. ತುಂಬ ಒತ್ತಾಯಿಸಿದರೆ, "ಚಳಿ ಕಳೀಲಿ ತಡಿ, ಮಾಡ್ಕೊಡ್ತೀನಿ" ಎನ್ನುತ್ತಿದ್ದ. ಚಳಿ ಹದಿನೆಂಟು ಸಲ ಕಳೆಯಿತು.

ಎಪ್ಪತ್ತೊಂದನೆಯ ಇಸವಿಯ ಜನವರಿಯಲ್ಲಿ ಒಂದು ಸಂಜೆ ಲ್ಯಾಡ್ ನಮ್ಮ ಮನೆಯ ಬಾಗಿಲು ಬಡಿದ. "ಎಲ್ಡನ್, ಸ್ವಲ್ಪ ಬಾರಯ್ಯಾ. ನನ್ ಹೆಂಡ್ತಿ ಕೋಳಿಗೂಡಲ್ಲಿ ಬಿದ್ದವ್ಳೆ. ಬಾಗ್ಲು ತೆಗೆಯಕ್ಕಾಗ್ತಿಲ್ಲ."

ನಾವಿಬ್ಬರೂ ಓಡಿದೆವು. ಬಕೆಟ್ಟು ಹಿಡಿದು ಬಗ್ಗುವಾಗ ಅವಳ ಬೆನ್ನು ಹಿಡಿದುಕೊಂಡು ಮುಂದಕ್ಕೆ ಮುಗ್ಗರಿಸಿ ಬಾಗಿಲ ಹಿಂದೆಯೇ ಬಿದ್ದಿದ್ದಳು. ಗಾಳಿಗೆ ಬಾಗಿಲು ಮುಚ್ಚಿಕೊಂಡಿತ್ತು. ಒಳಮುಖವಾಗಿ ತೆರೆಯುವ ಬಾಗಿಲು, ಅದಕ್ಕೆ ಅಡ್ಡ ಅವಳದೇ ಮೈ. ನೂಕಿದರೆ ಅವಳ ಪಕ್ಕೆಗೆ ಒತ್ತುತ್ತಿತ್ತು. ಎಲ್ಡನ್ ಕೊನೆಗೆ ಕೀಲುಗಳನ್ನೇ ಕತ್ತರಿಸಿ ಬಾಗಿಲನ್ನು ಹೊರಕ್ಕೆ ಕಿತ್ತ. ಚೆಲ್ಲಿದ ನೀರು ಅವಳ ಲಂಗದ ಮೇಲೆ ಹೆಪ್ಪುಗಟ್ಟಿ ಸೆಟೆದು ನಿಂತಿತ್ತು. ಒಂದೂವರೆ ಗಂಟೆ ಹಾಗೇ ಬಿದ್ದಿದ್ದಳು. ಕೂಗಿ ಕೂಗಿ ಗಂಟಲು ಕಟ್ಟಿತ್ತು. ಲ್ಯಾಡ್‌ಗೆ ರೇಡಿಯೊ ಸದ್ದಿನಲ್ಲಿ ಕೇಳಿಸಿರಲಿಲ್ಲ. ಊಟ ತಡವಾಯಿತೆಂದು ಹುಡುಕಿಕೊಂಡು ಬಂದಿದ್ದ.

ಅವಳನ್ನು ಹಲಗೆಯ ಮೇಲೆ ಮಲಗಿಸಿ ಹೊತ್ತು ತರುವಾಗ ಅವಳು ಗೊಗ್ಗರು ದನಿಯಲ್ಲಿ ನನಗೆ ಹೇಳಿದ್ದು ಒಂದೇ ಮಾತು. "ವಯೋಲಾ, ಆ ಮನುಷ್ಯ ಬಾಗ್ಲಾಚೆ ನಿಂತು ಏನ್ ಕೇಳ್ದ ಗೊತ್ತಾ? ಒಲೆ ಮೇಲೆ ಏನಾದ್ರೂ ಇಟ್ಟಿದ್ಯಾ ಅಂತ."

ಆರು ವಾರ ಮಲಗಿದಳು. ಬೆನ್ನು ಮತ್ತೆ ಮೊದಲಿನಂತಾಗಲಿಲ್ಲ. ಬೆರಳ ಗೆಣ್ಣುಗಳು ಅದಕ್ಕೂ ಮೊದಲೇ ಊದಿಕೊಳ್ಳಲು ಶುರುವಾಗಿದ್ದವು. ಸಣ್ಣ ಚಿಲಕ, ಕೊಕ್ಕೆ ಇವನ್ನೆಲ್ಲ ಬಿಚ್ಚುವಾಗ ಹಲ್ಲು ಕಚ್ಚುತ್ತಿದ್ದಳು. ಆ ಆರು ವಾರ ಕೋಳಿಗಳಿಗೆ ನಾನೇ ನೀರು ಹಾಕಿದೆ. ಕಿತ್ತ ಬಾಗಿಲನ್ನು ಲ್ಯಾಡ್ ಹೊಸ ಕೀಲು ಹಾಕಿ ಇದ್ದ ಹಾಗೆಯೇ ಕೂರಿಸಿದ. ಮತ್ತೆ ಒಳಮುಖವಾಗಿಯೇ.

ಮಾರ್ಚಿ ತಿಂಗಳಲ್ಲಿ ಒಂದು ಬೆಳಿಗ್ಗೆ ನೋಡುತ್ತೇನೆ, ಆಲ್ಬಿನಾ ಎದ್ದು ಹಿತ್ತಲಲ್ಲಿ ನಿಂತಿದ್ದಾಳೆ. ಗೂಡಿನ ಗೋಡೆಗೆ ಕಂದು ಕಾಗದದ ದೊಡ್ಡ ಹಾಳೆಗಳನ್ನು ಸೂಜಿ ಚುಚ್ಚಿ ನಿಲ್ಲಿಸಿದ್ದಾಳೆ. ಬಟ್ಟೆ ಕತ್ತರಿಸುವ ಮುಂಚೆ ನಮೂನೆ ಮಾಡುತ್ತಿದ್ದಳಲ್ಲ, ಅದೇ ಕಾಗದ. ಎರಡು ಕೈಯಲ್ಲೂ ಖಾಲಿ ಬಕೆಟ್ಟು ಹಿಡಿದು ಆ ಕಾಗದದ ಬಾಗಿಲ ಮುಂದೆ ಹಿಂದಕ್ಕೂ ಮುಂದಕ್ಕೂ ನಡೆಯುತ್ತಿದ್ದಾಳೆ.

"ಏನೇ ಇದು? ಕೋಳಿಗೂಡಿಗೆ ಅಂಗಿ ಹೊಲೀತಿದ್ಯಾ?" ಅಂದೆ.

"ಅಳತೆ ತಗೋತಿದ್ದೀನಿ. ಬಾ, ನನ್ ಮೊಣಕೈ ಎಲ್ಲಿಗೆ ಬರುತ್ತೆ ನೋಡು, ಅಲ್ಲೊಂದು ಗೀಟು ಹಾಕು."

ಸೀಮೆಸುಣ್ಣದಲ್ಲಿ ಗೀಟು ಹಾಕಿದೆ. ನೆಲದಿಂದ ಮೂವತ್ತೆಂಟು ಇಂಚು. ಆಮೇಲೆ ಸೊಂಟದ ಎತ್ತರ, ಮೊಣಕಾಲಿನ ಎತ್ತರ, ಎರಡು ಬಕೆಟ್ಟು ಹಿಡಿದಾಗ ಮೈಯ ಅಗಲ. ಬ್ಯಾಂಡಿನ ಹುಡುಗರ ಕೋಟಿಗೂ ಅವಳು ಅಷ್ಟು ಸಲ ಅಳೆದಿರಲಿಕ್ಕಿಲ್ಲ. ಹತ್ತು ಹನ್ನೆರಡು ದಿನ ಇದೇ ಆಯಿತು. ಕಾಗದ ಕತ್ತರಿಸುವುದು, ಚುಚ್ಚುವುದು, ಬಕೆಟ್ಟು ಹಿಡಿದು ನಡೆಯುವುದು, ತಲೆ ಅಲ್ಲಾಡಿಸುವುದು, ಮತ್ತೆ ಕತ್ತರಿಸುವುದು.

ಹಲಗೆ ಬೇಕಾಗಿತ್ತು. ಊರಿನ ಮರದ ಅಂಗಡಿ ಲ್ಯಾಡ್‌ನ ತಮ್ಮ ರುಡಿಯದು. ನನ್ನ ಗಂಡ ಎಲ್ಡನ್ ಅಲ್ಲಿಯೇ ಗುಮಾಸ್ತ. ರುಡಿ ಆರಡಿ ಎರಡಿಂಚಿನ ಆಳು, ನಗುಮುಖ, ಎಲ್ಲರ ಭುಜ ತಟ್ಟಿ ಮಾತಾಡುವವನು. "ಅತ್ತಿಗೆ ಕೇಳಿದ್ಮೇಲೆ ಇಲ್ಲ ಅನ್ನಕ್ಕಾಗುತ್ತಾ, ತಗೊಂಡೋಗು" ಎಂದು ಮಿಕ್ಕ ತುಂಡು ಹಲಗೆಗಳನ್ನು ಗಾಡಿಯಲ್ಲಿ ಹಾಕಿ ಕಳಿಸಿದ.

ಬಾಗಿಲನ್ನು ಅವಳೇ ಮಾಡಿದಳು. ನಾನು ಹಲಗೆ ಹಿಡಿದುಕೊಂಡೆ. ಗರಗಸ ಹಿಡಿಯಲು ಬೆರಳು ಮಡಿಸಲಾಗದೆ ಅಂಗೈಗೆ ಬಟ್ಟೆ ಸುತ್ತಿ ಗರಗಸದ ಹಿಡಿಗೆ ಕಟ್ಟಿಕೊಂಡಿದ್ದಳು. ಸಂಜೆ ಬಟ್ಟೆ ಬಿಚ್ಚಿದರೆ ಅಂಗೈ ತುಂಬ ಬೊಬ್ಬೆ.

ಆ ಬಾಗಿಲು ಹೇಗಿತ್ತು ಎಂದು ನಾನು ಹೇಳಲೇಬೇಕು. ಆಳೆತ್ತರದ ಬಾಗಿಲು, ಮೇಲಿನದು ಕೆಳಗಿನದು ಎಂದು ಎರಡು ಭಾಗ. ಎರಡೂ ಹೊರಕ್ಕೆ ತೆರೆಯುತ್ತಿದ್ದವು. ಕಾಳು ಎರಚಲು, ಮೊಟ್ಟೆ ತೆಗೆಯಲು ಮೇಲಿನ ಭಾಗ ತೆರೆದರೆ ಸಾಕು, ಒಂದು ಕೋಳಿಯೂ ಹೊರಗೆ ಬರುತ್ತಿರಲಿಲ್ಲ. ಹೊಸ್ತಿಲಿನಲ್ಲಿ ಎಂಟು ಇಂಚಿನ ಹಲಗೆ, ಎರಡು ಪಕ್ಕದ ಚೌಕಟ್ಟಿನಲ್ಲಿ ಕೊರೆದ ತೋಡಿನೊಳಗೆ ಜಾರಿಸಿ ಇಟ್ಟದ್ದು. ಅದನ್ನು ಮೇಲಕ್ಕೆ ಎತ್ತಿ ತೆಗೆದರೆ ಒಳಗಿನ ಹಳೆಯ ಹುಲ್ಲನ್ನು ನೇರ ತಳ್ಳುಗಾಡಿಗೆ ಎಳೆದು ಹಾಕಬಹುದು, ಬಗ್ಗುವ ಮಾತೇ ಇಲ್ಲ. ಎಲ್ಲಕ್ಕಿಂತ ಹೆಚ್ಚಿನದು ಅಗುಳಿ. ಬೆರಳು ಬೇಕಾಗಿಯೇ ಇರಲಿಲ್ಲ. ಮೊಣಕೈಯಿಂದ ಒಂದು ಮರದ ನಾಲಿಗೆಯನ್ನು ಕೆಳಕ್ಕೆ ಒತ್ತಿ, ಅದೇ ಹೊತ್ತಿಗೆ ಸೊಂಟದಿಂದ ಬಾಗಿಲನ್ನು ಕೊಂಚ ಒಳಕ್ಕೆ ನೂಕಿದರೆ ಅಗುಳಿ ಬಿಟ್ಟುಕೊಂಡು ಬಾಗಿಲು ತಾನಾಗಿ ಹೊರಕ್ಕೆ ಬರುತ್ತಿತ್ತು. ಎರಡು ಕೈಯಲ್ಲೂ ತುಂಬಿದ ಬಕೆಟ್ಟಿದ್ದರೂ ನಿಲ್ಲದೆ ಒಳಗೆ ನಡೆಯಬಹುದು. ರಕೂನ್‌ಗಳು ಮನುಷ್ಯರ ಹಾಗೆ ಬೆರಳಿಟ್ಟು ಎಂಥ ಚಿಲಕವನ್ನಾದರೂ ತೆಗೆಯುವ ಕಳ್ಳಪ್ರಾಣಿಗಳು. ಆದರೆ ಒತ್ತುವುದು, ನೂಕುವುದು ಎರಡನ್ನೂ ಒಟ್ಟಿಗೆ ಮಾಡಲು ಅವುಗಳಿಗೆ ಆಗಲಿಲ್ಲ. ಬೆಳಿಗ್ಗೆ ಎದ್ದರೆ ಹಲಗೆಯ ಮೇಲೆ ಅವುಗಳ ಉಗುರಿನ ಗೀರು ಮಾತ್ರ ಇರುತ್ತಿತ್ತು.

ಮೊದಲ ದಿನ ಎರಡು ಬಕೆಟ್ಟು ಹಿಡಿದು ತಲೆಯೆತ್ತಿಕೊಂಡು ಒಳಗೆ ಹೋಗಿ, ಹಾಗೇ ತಲೆಯೆತ್ತಿಕೊಂಡು ಹೊರಗೆ ಬಂದು ಆಲ್ಬಿನಾ ನಕ್ಕಳು. ಅವಳು ಬಾಯಿಬಿಟ್ಟು ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಮುಂದಿನ ಹಲ್ಲೊಂದು ಸೂಜಿ ಕಚ್ಚಿ ಕಚ್ಚಿ ಸವೆದು ಸಣ್ಣ ಕಚ್ಚು ಬಿದ್ದಿರುವುದು ಅವತ್ತೇ ಕಂಡದ್ದು.

ಸುದ್ದಿ ಊರಿಗೆ ತಲುಪಿತು. ರಸ್ತೆ ಇಲಾಖೆಯ ಶೆಡ್ಡಿನಲ್ಲಿ ಗಂಡಸರು ಲ್ಯಾಡ್‌ನನ್ನು ಹಿಡಿದುಕೊಂಡರು. "ಏನಯ್ಯಾ, ನಿನ್ ಹೆಂಡ್ತಿ ಬಡಗಿ ಆದ್ಳಂತೆ? ನೀನ್ ಯಾವಾಗಿಂದ ಮೊಟ್ಟೆ ಇಡ್ತೀಯಾ?" ಒಬ್ಬ ಅವನ ಊಟದ ಡಬ್ಬಿಯಲ್ಲಿ ಹೊಲಿಗೆ ಬೆರಳುಕವಚ ಹಾಕಿಟ್ಟಿದ್ದನಂತೆ.  ಲ್ಯಾಡ್ ಹಿತ್ತಲ ಕಡೆಗೆ ಹೋಗುವುದನ್ನೇ ಬಿಟ್ಟ. ಬೇರೆಯವರು ಬಾಗಿಲ ಮಾತೆತ್ತಿದರೆ ರೇಡಿಯೊ ದೊಡ್ಡದು ಮಾಡುತ್ತಿದ್ದ.

ಬೇಸಿಗೆಯಲ್ಲಿ ರುಡಿ ಬಂದು ನೋಡಿದ. ಏಳೆಂಟು ಸಲ ತೆರೆದ, ಮುಚ್ಚಿದ, ಅಗುಳಿಯ ಹತ್ತಿರ ಕಣ್ಣಿಟ್ಟು ನೋಡಿದ. "ಅಬ್ಬಾ ಅತ್ತಿಗೆ! ಇದೇನು ಹೀಗೆ ತಲೆ ಓಡ್ಸಿದ್ದೀಯ! ಈ ನಾಲಿಗೆ ಹೆಂಗೆ ಕೂರ್ಸಿದೆ? ಇಲ್ಲಿ ಸಂದು ಎಷ್ಟು ಬಿಟ್ಟಿದ್ದೀಯ?" ಮದುವೆಯಾಗಿ ಇಪ್ಪತ್ತೈದು ವರ್ಷದಲ್ಲಿ ಆ ಮನೆತನದ ಗಂಡಸೊಬ್ಬ ಅವಳ ಕೆಲಸವನ್ನು ಬಗ್ಗಿ ನೋಡಿ ಹೊಗಳಿದ್ದು ಅದೇ ಮೊದಲು. ಅವಳು ಎಲ್ಲವನ್ನೂ ಬಿಡಿಸಿ ಬಿಡಿಸಿ ಹೇಳಿದಳು. ಸಂದು ಎಷ್ಟು, ಕೀಲು ಎಲ್ಲಿ, ಯಾವ ಮರ ಮಳೆಗೆ ಉಬ್ಬುತ್ತದೆ, ಯಾವುದು ಉಬ್ಬುವುದಿಲ್ಲ, ಎಲ್ಲ. ಒಳಗಿಂದ ತಂಪು ಬಿಯರ್ ತಂದು ಕೊಟ್ಟಳು ಬೇರೆ.

ನವೆಂಬರಿನಲ್ಲಿ ಅವಳ ಅಕ್ಕನಿಗೆ ಆಪರೇಷನ್ ಆಯಿತು. ಆಲ್ಬಿನಾ ಒಮಾಹಾಕ್ಕೆ ಹೋಗಿ ಹತ್ತು ದಿನ ಇದ್ದು ಬಂದಳು.

ಫೆಬ್ರವರಿಯಲ್ಲಿ ಆ ಪತ್ರಿಕೆ ಬಂತು. ರೈತರ ಮನೆಗಳಿಗೆಲ್ಲ ತಿಂಗಳಿಗೊಮ್ಮೆ ಬರುತ್ತಿದ್ದದ್ದು. ಅದರ ಕೊನೆಯಲ್ಲಿ ಓದುಗರ ಕೈಚಳಕಗಳಿಗೆಂದೇ ಒಂದು ಪುಟ. ಟ್ರಾಕ್ಟರಿನ ಹಳೆಯ ಚಕ್ರದಲ್ಲಿ ದನಕ್ಕೆ ನೀರಿನ ತೊಟ್ಟಿ ಮಾಡುವುದು, ಬೇಲಿತಂತಿ ಎಳೆಯುವ ಉಪಾಯ, ಇಂಥವು. ಆ ತಿಂಗಳ ಬಹುಮಾನ ಬ್ರಾನಿಕ್ ಊರಿನ ರುಡಾಲ್ಫ್ ಕೊವಂದಾ ಕಂಡುಹಿಡಿದ ಕೋಳಿಗೂಡಿನ ಬಾಗಿಲಿಗೆ. ಅರ್ಧ ಪುಟದ ಚಿತ್ರ. ಬಾಗಿಲ ಪಕ್ಕ ರುಡಿ ನಗುತ್ತ ನಿಂತು, ಮೊಣಕೈಯಿಂದ ಅಗುಳಿ ಒತ್ತುತ್ತಿದ್ದಾನೆ. ಕೆಳಗೆ ಅಳತೆಗಳು.

ನಾನು ಪತ್ರಿಕೆ ಹಿಡಿದು ರಸ್ತೆ ದಾಟಿದೆ. ಅವಳಿಗೂ ಬಂದಿತ್ತು. ಅಡಿಗೆಮನೆಯ ಮೇಜಿನ ಮೇಲೆ ಹರಡಿಕೊಂಡು ಕೂತಿದ್ದಳು.

"ನೋಡ್ದ್ಯಾ?" ಅಂದೆ.

"ನೋಡ್ದೆ. ನೀನೂ ಸರಿಯಾಗಿ ನೋಡು. ಮೂವತ್ತೆಂಟು ಇಂಚು ಅಂತ ಹಾಕಿದ್ದಾನೆ. ಇದು ನನ್ ಮೊಣಕೈ. ಇವನ ಮೊಣಕೈ ಮುಟ್ಟಿಸಬೇಕಾದ್ರೆ ಹೆಂಗೆ ಗೂನು ಬಗ್ಗಿ ನಿಂತಿದ್ದಾನೆ ನೋಡು. ತನಗೆ ಅಂತ ಬಾಗ್ಲು ಮಾಡ್ಕೊಂಡೋನು ಹಿಂಗೆ ನಿಂತ್ಕೋತಾನಾ?"

ನಿಜ. ಆರಡಿ ಎರಡಿಂಚಿನ ಆಳು ಮಂಡಿ ಮಡಿಸಿ, ಒಂದು ಭುಜ ಇಳಿಸಿ, ಹೇಗೋ ಮುಟ್ಟಿಸಿಕೊಂಡು ನಿಂತಿದ್ದ.

"ಇನ್ನೊಂದಿದೆ. ಇಲ್ಲಿ," ಎಂದು ಊದಿದ ಬೆರಳನ್ನು ಚಿತ್ರದ ಕೆಳಗಿನ ಅಂಚಿಗೆ ಇಟ್ಟಳು. ಹುಲ್ಲಿನ ಮೇಲೆ ಚಿತ್ರ ತೆಗೆದವನ ನೆರಳು ಉದ್ದಕ್ಕೆ ಬಿದ್ದಿತ್ತು. ಕಿವಿಮುಚ್ಚುವ ಟೋಪಿ. ಒಂದು ಕಿವಿ ಕೆಳಗೆ ಜೋತು, ಇನ್ನೊಂದು ರೆಕ್ಕೆಯ ಹಾಗೆ ಸೆಟೆದು ನಿಂತಿದೆ. ಆ ಟೋಪಿ ಊರಿಗೇ ಗೊತ್ತು. ಎಡಗಡೆಯ ದಾರ ಕಿತ್ತುಹೋಗಿ ಎರಡು ವರ್ಷವಾಗಿತ್ತು, ಲ್ಯಾಡ್ ಅದನ್ನು ಹೊಲಿಸಿಕೊಂಡಿರಲಿಲ್ಲ.

"ಅಕ್ಕನ ಹಾಸಿಗೆ ಪಕ್ಕ ನಾನು ಕೂತಿದ್ದೆ. ಇಲ್ಲಿ ಇವ್ರು ಫೋಟೊ ತೆಕ್ಕೋತಿದ್ರು," ಅಂದಳು. ಅಳಲಿಲ್ಲ. ಪತ್ರಿಕೆಯನ್ನು ನಾಲ್ಕಾಗಿ ಮಡಿಸಿದಳು. "ನಿನ್ ಕಾರಲ್ಲಿ ಕರ್ಕೊಂಡು ಹೋಗ್ತೀಯಾ, ರುಡಿ ಅಂಗಡಿಗೆ?"

ಅವಳಿಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಕರೆದುಕೊಂಡು ಹೋದೆ. ಈಗ ಯೋಚಿಸಿದರೆ, ತಲೆನೋವು ಎಂದು ಹೇಳಿ ಮನೆಯಲ್ಲೇ ಉಳಿದಿದ್ದರೆ ಎಷ್ಟೋ ಚೆನ್ನಾಗಿತ್ತು.

ಶನಿವಾರ ಬೆಳಿಗ್ಗೆ. ಅಂಗಡಿಯ ಒಲೆಯ ಸುತ್ತ ಐದಾರು ಗಂಡಸರು ಕಾಫಿ ಲೋಟ ಹಿಡಿದು ಕೂತಿದ್ದರು. ಗಲ್ಲಾದ ಹಿಂದೆ ಎಲ್ಡನ್. ಆ ಪುಟವನ್ನು ಆಗಲೇ ಕತ್ತರಿಸಿ ಗೋಡೆಗೆ ಅಂಟಿಸಿದ್ದರು.

ಆಲ್ಬಿನಾ ನೇರ ರುಡಿಯ ಮುಂದೆ ನಿಂತಳು. "ನನ್ ಬಾಗ್ಲು ಹೆಂಗಯ್ಯಾ ನಿಂದಾಯ್ತು?"

ರುಡಿ ನಕ್ಕ. "ಬಾ ಅತ್ತಿಗೆ ಬಾ, ಕೂತ್ಕೋ. ಹಲಗೆ ಯಾರ್ದು ಹೇಳು? ನನ್ ಅಂಗಡೀದು. ಕೀಲು ಯಾರ್ದು? ನಂದು. ಹೆಸರು ಕೊವಂದಾ ಅಂತ ಬಂದಿದೆ. ನೀನೂ ಕೊವಂದಾನೇ ಅಲ್ವಾ? ಇದ್ರಲ್ಲಿ ಜಗಳ ಏನಿದೆ?"

"ತಲೆ ಯಾರ್ದು?"

"ಅಯ್ಯೋ, ಒಬ್ರಿಗೊಬ್ರು ಮಾತಾಡ್ತಾ ಮಾಡಿದ್ವಪ್ಪ. ನಾನೊಂದು ಹೇಳಿದೆ, ಲ್ಯಾಡ್ ಒಂದು ಹೇಳಿದ, ನೀನೂ ಮೊಳೆ ಹೊಡೆದೆ. ಹೊಲಿಗೆ ಹಾಕೋರು ಅಗುಳಿ ಕಂಡ್ಹಿಡೀತಾರೆ ಅಂದ್ರೆ ಪತ್ರಿಕೆಯವ್ರು ನಂಬ್ತಾರಾ, ನೀನೇ ಹೇಳು."

ಒಲೆಯ ಸುತ್ತ ನಗು ಎದ್ದಿತು. ಒಬ್ಬ, "ಅದಕ್ಕೆ ಗುಂಡಿ ಕಾಜ ಯಾಕಿಟ್ಟಿಲ್ಲಮ್ಮ?" ಎಂದ.

ಆಲ್ಬಿನಾ ನನ್ನ ಕಡೆ ತಿರುಗಿದಳು. "ಇವಳಿದ್ಲು. ಮೊದಲ ದಿನದಿಂದ ಕೊನೇವರ್ಗೂ ಇವಳು ನನ್ ಪಕ್ಕದಲ್ಲಿದ್ಲು. ಮೊಣಕೈಗೆ ಗೀಟು ಹಾಕಿದ್ದೇ ಇವಳು. ಕೇಳಿ. ಹೇಳೇ ವಯೋಲಾ."

ಎಲ್ಲರೂ ನನ್ನನ್ನೇ ನೋಡಿದರು. ರುಡಿ ಕೂಡ ನೋಡಿದ, ನಗುತ್ತಲೇ. ಆಮೇಲೆ ಮೆಲ್ಲನೆ ತಲೆ ತಿರುಗಿಸಿ ಗಲ್ಲಾದ ಹಿಂದಿದ್ದ ಎಲ್ಡನ್‌ನ ಕಡೆ ನೋಡಿದ. ಅಷ್ಟೇ.  ಎಲ್ಡನ್ ಕತ್ತು ತಗ್ಗಿಸಿ ರಸೀದಿ ಪುಸ್ತಕದ ಹಾಳೆ ತಿರುವುತ್ತಿದ್ದ. ಅವನ ಕಿವಿ ಕೆಂಪಾಗಿತ್ತು. ಆ ವರ್ಷ ನಮ್ಮ ಮೂರನೆಯ ಮಗು ಹೊಟ್ಟೆಯಲ್ಲಿತ್ತು.

"ನಾನು ಹಲಗೆ ಹಿಡ್ಕೊಂಡಿದ್ದೆ ಅಷ್ಟೇ," ಅಂದೆ. "ಯಾರು ಯೋಚ್ನೆ ಮಾಡಿದ್ದು ಅಂತ ನಂಗೇನು ಗೊತ್ತು."

ಆ ಮಾತು ಅಷ್ಟು ಸಲೀಸಾಗಿ ನನ್ನ ಬಾಯಿಂದ ಬಂದದ್ದು ಹೇಗೆ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಯಾರೋ ಕಾಫಿ ಹೀರಿದ ಸದ್ದಾಯಿತು. ಆಲ್ಬಿನಾ ನನ್ನನ್ನು ಒಂದು ಗಳಿಗೆ ನೋಡಿ, ಬಾಗಿಲು ತೆಗೆದು ಹೊರಗೆ ನಡೆದಳು. ಕಾರಿನ ಹತ್ತಿರ ನಿಲ್ಲಲಿಲ್ಲ. ಮಂಜು ಬಿದ್ದ ರಸ್ತೆಯಲ್ಲಿ ಒಂದೂವರೆ ಮೈಲಿ, ಆ ಬೆನ್ನು ಹೊತ್ತುಕೊಂಡು ನಡೆದೇ ಮನೆಗೆ ಹೋದಳು. ನಾನು ಕಾರಿನಲ್ಲಿ ಅವಳ ಹಿಂದೆ ಹಿಂದೆಯೇ ನಿಧಾನಕ್ಕೆ ಹೋದೆ. ಗಾಜು ಇಳಿಸಿ ಎರಡು ಸಲ ಕರೆದೆ. ಅವಳು ತಿರುಗಲಿಲ್ಲ.

ಪತ್ರಿಕೆಯ ಸಂಪಾದಕರಿಗೆ ಅವಳು ಕಾಗದ ಬರೆದಳು. ಸಾಕ್ಷಿಗೆ ಆ ಕಂದು ಕಾಗದದ ನಮೂನೆಗಳನ್ನು ಕಳಿಸೋಣವೆಂದು ಅಟ್ಟದಲ್ಲಿ ಹುಡುಕಿದರೆ ಇರಲಿಲ್ಲ. ಲ್ಯಾಡ್ ಆ ಚಳಿಗಾಲದಲ್ಲಿ ಒಲೆ ಹಚ್ಚಲು ಬಳಸಿ ಮುಗಿಸಿದ್ದ. ಬೇಕೆಂದೇ ಮಾಡಿದನೋ, ಕೈಗೆ ಸಿಕ್ಕಿದ ಕಾಗದವೆಂದು ಮಾಡಿದನೋ, ದೇವರಿಗೇ ಗೊತ್ತು. ಮೂವತ್ತೆಂಟು ಇಂಚಿನ ವಿಷಯ, ರುಡಿ ಮಂಡಿ ಮಡಿಸಿ ನಿಂತ ವಿಷಯ ಎಲ್ಲ ಬರೆದಳಂತೆ. ನೆರಳಿನ ವಿಷಯ ಮಾತ್ರ ಬರೆಯಲಿಲ್ಲ. ಅದು ಮನೆಯೊಳಗಿನದು ಎಂದುಕೊಂಡಳೇನೋ.

ಏಪ್ರಿಲಿನಲ್ಲಿ ಉತ್ತರ ಬಂತು. ಇದನ್ನೆಲ್ಲ ಅವಳು ನನಗೆ ಹೇಳಿದ್ದಲ್ಲ, ಅವಳು ಆಗ ನನ್ನ ಜೊತೆ ಮಾತಾಡುತ್ತಿರಲಿಲ್ಲ. ಅವಳ ಅಕ್ಕ ಎಷ್ಟೋ ವರ್ಷಗಳಾದ ಮೇಲೆ ಹೇಳಿದ್ದು. ಸಂಪಾದಕರು ಮರ್ಯಾದೆಯಿಂದಲೇ ಬರೆದಿದ್ದರು. ತಾವು ವಿಚಾರಿಸಿದ್ದಾಗಿಯೂ, ಬಾಗಿಲು ರುಡಾಲ್ಫ್ ಕೊವಂದಾ ಅವರ ಆಲೋಚನೆಯೆಂದು ಶ್ರೀಮತಿಯವರ ಪತಿಯೇ ಸಹಿ ಹಾಕಿ ತಿಳಿಸಿರುವುದರಿಂದ ಈ ವಿಷಯವನ್ನು ಇಲ್ಲಿಗೆ ಮುಗಿಸಿರುವುದಾಗಿಯೂ ಇತ್ತು.

ಲ್ಯಾಡ್ ಊಟಕ್ಕೆ ಕೂತಾಗ ಅವಳು ಆ ಕಾಗದವನ್ನು ಅವನ ತಟ್ಟೆಯ ಪಕ್ಕ ಇಟ್ಟಳು.

"ಇವ್ರಿಗೆ ಏನ್ ಬರ್ದೆ?"

"ರುಡಿ ಬರ್ಕೊಂಡು ಬಂದಿದ್ದ. ಸಹಿ ಹಾಕ್ದೆ."

"ಓದಿ ಹಾಕ್ದ್ಯಾ?"

"ಓದ್ದೆ."

"ಅದು ಸುಳ್ಳು ಅಂತ ಗೊತ್ತಿತ್ತಾ?"

ಲ್ಯಾಡ್ ಚಮಚದಿಂದ ಸೂಪು ಕಲಕಿದನಂತೆ. ಆಮೇಲೆ, "ನೋಡೇ, ಎಲ್ರೂ ನನ್ನ ನೋಡಿ ನಗ್ತಿದ್ರು. ರುಡಿ ಮಾಡಿದ್ದು ಅಂದ್ಮೇಲೆ ಯಾರೂ ನಗ್ತಿಲ್ಲ" ಎಂದನಂತೆ.

ಮಾರನೆಯ ದಿನ ಆಲ್ಬಿನಾ ಬಾಗಿಲು ಬಿಚ್ಚಲು ಶುರುಮಾಡಿದಳು. ನನ್ನ ಅಡಿಗೆಮನೆಯ ಕಿಟಕಿಯಿಂದ ಎಲ್ಲ ಕಾಣುತ್ತಿತ್ತು. ಕೊಡಲಿ ಎತ್ತಲಿಲ್ಲ, ಮುರಿಯಲಿಲ್ಲ. ಸ್ಕ್ರೂಡ್ರೈವರನ್ನು ಅಂಗೈಗೆ ಬಟ್ಟೆಯಿಂದ ಕಟ್ಟಿಕೊಂಡು ಒಂದೊಂದೇ ಸ್ಕ್ರೂ ತೆಗೆದಳು. ಒಂದಕ್ಕೆ ಕಾಲು ಗಂಟೆ ಹಿಡಿಯುತ್ತಿತ್ತು. ನಡುನಡುವೆ ಕೂತು ಕೈಯನ್ನು ಕಂಕುಳಲ್ಲಿಟ್ಟುಕೊಂಡು ಬಿಸಿಮಾಡಿಕೊಳ್ಳುತ್ತಿದ್ದಳು. ನಾಲ್ಕು ದಿನವಾಯಿತು. ನಾಲ್ಕು ದಿನವೂ ನಾನು ಕಿಟಕಿಯ ಪರದೆಯ ಹಿಂದೆ ನಿಂತಿದ್ದೆ. ಹೋಗಲಿಲ್ಲ. ಯಾವ ಮುಖ ಹೊತ್ತು ಹೋಗಲಿ?

ಹಲಗೆಗಳನ್ನು ಕಟ್ಟು ಕಟ್ಟಿದಳು, ಕೀಲು ಸ್ಕ್ರೂಗಳನ್ನು ಕಾಫಿ ಡಬ್ಬಿಗೆ ಹಾಕಿದಳು. ಹಾಲಿನ ಗಾಡಿಯವನ ಕೈಯಲ್ಲಿ ಎಲ್ಲವನ್ನೂ ರುಡಿಯ ಅಂಗಡಿಗೆ ಕಳಿಸಿದಳು. "ನಿನ್ನ ಹಲಗೆ, ನಿನ್ನ ಕೀಲು" ಎಂದು ಚೀಟಿ ಬರೆದಿದ್ದಳು. ಆಮೇಲೆ ಆ ಮೂರೂವರೆ ಅಡಿಯ ಹಳೆಯ ಬಾಗಿಲನ್ನು ಕಟ್ಟಿಗೆ ರಾಶಿಯಿಂದ ಎಳೆದು ತಂದು ಕೂರಿಸಿದಳು.

ಲ್ಯಾಡ್‌ಗೆ ಬೆಳಿಗ್ಗೆ ಎರಡು ಮೊಟ್ಟೆ ಇಲ್ಲದೆ ದಿನ ಶುರುವಾಗುತ್ತಿರಲಿಲ್ಲ. ಆ ಭಾನುವಾರ ತಟ್ಟೆಯಲ್ಲಿ ಬರೀ ಬ್ರೆಡ್ಡು.

"ಮೊಟ್ಟೆ ಎಲ್ಲೇ?"

"ಗೂಡಲ್ಲಿದೆ. ತಂದ್ರೆ ಬೇಯಿಸ್ಕೊಡ್ತೀನಿ. ನಾನಂತೂ ಇನ್ನು ಬಗ್ಗಲ್ಲ."

ಅವನು ಹೋದ. ಐವತ್ತೆಂಟು ವರ್ಷದ ದಪ್ಪ ಮನುಷ್ಯ ಮಂಡಿ ಊರಿ, ಕೈಯೂರಿ, ಆ ಕಂಡಿಯಲ್ಲಿ ನುಸುಳುವುದನ್ನು ಇಡೀ ಬೀದಿ ನೋಡಿತು. ಎರಡು ಚಳಿಗಾಲ ಹಾಗೇ ಮಾಡಿದ. ನೀರು ಹೊತ್ತ, ಹಿಕ್ಕೆ ಬಾಚಿದ, ತಲೆ ಚೌಕಟ್ಟಿಗೆ ಬಡಿಸಿಕೊಂಡು ಹಣೆ ತುಂಬ ಬಾಸುಂಡೆ ಮಾಡಿಕೊಂಡ. ಹೊಸ ಬಾಗಿಲು ಮಾಡುವ ಮಾತನ್ನು ಮಾತ್ರ ಅವನು ಎತ್ತಲಿಲ್ಲ. ಮೂರನೆಯ ವರ್ಷ ಕೋಳಿಗಳನ್ನು ಒಂದೊಂದಾಗಿ ಕುಯ್ದು ಮುಗಿಸಿದರು. ಅದಾದ ಮೇಲೆ ಇಬ್ಬರೂ ಒಂದೇ ಮೇಜಿನಲ್ಲಿ ಕೂತು ಹನ್ನೊಂದು ವರ್ಷ ಊಟ ಮಾಡಿದರು. ಜಗಳವಿಲ್ಲ, ಮಾತೂ ಇಲ್ಲ. ಉಪ್ಪು ಬೇಕಾದರೆ ಅವನು ಬೆರಳು ತೋರಿಸುತ್ತಿದ್ದನಂತೆ. ಎಂಬತ್ತೈದರಲ್ಲಿ ಅವನು ಕುರ್ಚಿಯಲ್ಲೇ ತೀರಿಕೊಂಡ.

ರುಡಿ ಆ ಬಾಗಿಲನ್ನು ಅಂಗಡಿಯಲ್ಲೇ ಮಾಡಿಸಿ ಮಾರಲು ಶುರುಮಾಡಿದ. 'ಕೊವಂದಾ ಬಾಗಿಲು' ಎಂದೇ ಹೆಸರಾಯಿತು. ಸುತ್ತಲಿನ ಊರುಗಳಿಂದ ಜನ ಬಂದು ಒಯ್ದರು. ಚರ್ಚಿನ ಮೆಟ್ಟಿಲಲ್ಲಿ ಹೆಂಗಸರು ಆಲ್ಬಿನಾಳಿಗೆ, "ನಿಮ್ಮನೇದೇ ಹೆಸ್ರಲ್ವೇನಮ್ಮ, ಖುಷಿಪಡೋದು ಬಿಟ್ಟು ಮುಖ ಯಾಕೆ ಗಂಟು ಹಾಕ್ಕೋತೀಯ" ಎನ್ನುತ್ತಿದ್ದರು. ಒಂದು ದಿನ ಎಲ್ಡನ್ ಒಂದನ್ನು ನಮ್ಮ ಮನೆಗೂ ತಂದು ನಮ್ಮ ಗೂಡಿಗೆ ಹಾಕಿದ. ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ಇಪ್ಪತ್ತು ವರ್ಷ ಅದೇ ಬಾಗಿಲಲ್ಲಿ ಹೋಗಿ ಬಂದೆ. ಅಂಥ ಅನುಕೂಲದ ಬಾಗಿಲು ಇನ್ನೊಂದಿಲ್ಲ. ಅಗುಳಿ ಮೂವತ್ತೆಂಟು ಇಂಚಿನಲ್ಲೇ ಇತ್ತು, ರುಡಿ ಅದನ್ನು ಬದಲಿಸುವ ಗೋಜಿಗೂ ಹೋಗಿರಲಿಲ್ಲ. ನಾನು ಅವಳಿಗಿಂತ ಎತ್ತರ. ಪ್ರತಿ ಸಲವೂ ಕೊಂಚ ಭುಜ ಇಳಿಸಬೇಕಾಗುತ್ತಿತ್ತು.

ಬೆರಳುಗಳು ಪೂರಾ ಮಡಿಚಿಕೊಂಡ ಮೇಲೆ ಆಲ್ಬಿನಾ ಮನೆ ಮಾರಿ ಪಕ್ಕದೂರಿನ ವೃದ್ಧಾಶ್ರಮ ಸೇರಿದಳು. ಅಷ್ಟು ಹೊತ್ತಿಗೆ ಎಲ್ಡನ್‌ಗೆ ನಿವೃತ್ತಿಯಾಗಿತ್ತು. ರುಡಿಯ ಹಂಗು ನಮಗೆ ಇನ್ನಿರಲಿಲ್ಲ. ನಾನು ಒಂದು ಕಾಗದ ಬರೆದೆ. ಆ ಬಾಗಿಲನ್ನು ಮಾಡಿದವಳು ಆಲ್ಬಿನಾ, ಗೀಟು ಹಾಕಿದವಳು ನಾನು, ಎಲ್ಲವನ್ನೂ ಕಣ್ಣಾರೆ ಕಂಡಿದ್ದೇನೆ ಎಂದು. ಪತ್ರಿಕೆಗೆ ಕಳಿಸೋಣವೆಂದರೆ ಪತ್ರಿಕೆ ನಿಂತು ಆರು ವರ್ಷವಾಗಿತ್ತು. ಕಾಗದವನ್ನು ಅವಳ ಹತ್ತಿರವೇ ತೆಗೆದುಕೊಂಡು ಹೋದೆ.

ಕಿಟಕಿಯ ಹತ್ತಿರ ಕೂತಿದ್ದಳು. ಕಾಗದವನ್ನು ನಾನೇ ಬಿಡಿಸಿ ಹಿಡಿದೆ. ಓದಿದಳು.

"ಚೆನ್ನಾಗಿ ಬರ್ದಿದ್ದೀಯ," ಅಂದಳು. "ಯಾರಿಗೆ ಇದು?"

"ನಿಂಗೆ. ಬೇಕಾದ್ರೆ ಊರಿನ ವಾರಪತ್ರಿಕೆಗೆ ಕೊಡ್ತೀನಿ. ಆಲ್ಬಿನಾ, ಅವತ್ತು ನಾನು—"

"ಎಲ್ಡನ್‌ಗೆ ಪಿಂಚಣಿ ಬಂತಾ?"

"ಬಂತು."

"ಅದಕ್ಕೆ ಬಂದಿದ್ದೀಯ." ದನಿಯಲ್ಲಿ ಸಿಟ್ಟಿರಲಿಲ್ಲ, ಅದು ಇದ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. "ರುಡಿ ಕಳ್ಳ. ಕಳ್ಳ ಕದೀತಾನೆ. ಲ್ಯಾಡ್ ಹೇಡಿ. ಅದು ಮದ್ವೆ ಆದ ವಾರಕ್ಕೇ ನಂಗೆ ಗೊತ್ತಾಗಿತ್ತು. ನಿನ್ನ ವಿಷಯದಲ್ಲಿ ಮಾತ್ರ ನನ್ ಲೆಕ್ಕ ತಪ್ಪಿತು ಕಣೆ. ಇನ್ನು ಬರ್ಬೇಡ. ನೀನು ಬಂದ್ರೆ ನಂಗೆ ಆ ಅಂಗಡಿ ನೆನಪಾಗುತ್ತೆ."

ಕಾಗದ ಮಡಿಸಿ ಕೈಚೀಲಕ್ಕೆ ಹಾಕಿಕೊಂಡು ಎದ್ದೆ. ವಾರಪತ್ರಿಕೆಗೆ ಕೊಡಲಿಲ್ಲ. ಅವಳು ಕೊಡಬೇಡ ಎಂದಿರಲಿಲ್ಲ. ಆದರೂ ಕೊಡಲಿಲ್ಲ. ಊರಿನವರು ಇಷ್ಟು ವರ್ಷ ಎಲ್ಲಿದ್ದೆ ಎಂದು ಕೇಳಿದರೆ ಏನು ಹೇಳುವುದು ಎಂಬ ನಾಚಿಕೆ ನನಗೆ.

ಎರಡು ವರ್ಷದ ಮೇಲೆ ಅವಳು ತೀರಿಕೊಂಡಳು. ಚರ್ಚಿನ ನೆಲಮಾಳಿಗೆಯಲ್ಲಿ ಊಟ. ನಾನು ಗಸಗಸೆ ತುಂಬಿದ ಕೊಲಾಚೆ ಬನ್ನುಗಳನ್ನು ಎರಡು ತಟ್ಟೆ ಮಾಡಿಕೊಂಡು ಹೋಗಿದ್ದೆ. ರುಡಿಗೆ ಆಗ ಎಪ್ಪತ್ತರ ಮೇಲಾಗಿತ್ತು, ಕೋಲು ಹಿಡಿದಿದ್ದ. ಮನೆಯ ಹಿರಿಯನೆಂದು ಎಲ್ಲರೂ ಬಂದು ಅವನ ಕೈ ಹಿಡಿದು ಸಮಾಧಾನ ಹೇಳುತ್ತಿದ್ದರು. "ಬಹಳ ಕೈಕೆಲಸದ ಹೆಂಗಸು ನಮ್ಮತ್ತಿಗೆ. ಆ ಬ್ಯಾಂಡಿನ ಕೋಟುಗಳು ನೆನಪಿದ್ಯಾ?" ಎಂದು ಅವನು ಹೇಳುತ್ತಿದ್ದ.

ಅವನು ನನ್ನ ಎದುರೇ ಬಂದು ಕೂತ. ಎರಡು ಕೊಲಾಚೆ ತಿಂದ. "ವಯೋಲಾ, ನಿನ್ ಕೈರುಚಿ ಕಮ್ಮಿ ಆಗಿಲ್ಲ ಬಿಡು" ಎಂದ. ಹೇಳಬೇಕಾದ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಪಕ್ಕದಲ್ಲಿ ಜನರಿದ್ದರು, ಎಲ್ಲರಿಗೂ ಕೇಳಿಸುತ್ತಿತ್ತು. ನಾನು ಇನ್ನೊಂದು ಕೊಲಾಚೆ ಎತ್ತಿ ಅವನ ತಟ್ಟೆಗೆ ಹಾಕಿದೆ.